ಘಾಟಿಯಲ್ಲಿ ಕೇಳಿದ ಹಾರ್ನ್

“ಗುರುಗಳೇ, ಕೋಪ ಬಂದಾಗ ಅದು ಇಳಿಯುವವರೆಗೆ ಮಾತು ಬಿಡುವುದೇ ಒಳ್ಳೆಯದಲ್ಲವೇ? ಇಳಿದ ಮೇಲೆ ಆಡಿದರಾಯಿತು,” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಮೊರಾಕೊ ದೇಶದ ಬೆಟ್ಟಸೀಮೆಯಲ್ಲಿ ಒಬ್ಬ ಬಡಗಿ, ಒಬ್ಬ ನೇಕಾರ ಇದ್ದರು. ಚಿಕ್ಕಂದಿನಿಂದ ಗೆಳೆಯರು. ಒಂದು ಚಳಿಗಾಲ ಬೆಟ್ಟದಾಚೆಯ ಊರಿನ ಮದುವೆಗೆಂದು ಇಬ್ಬರೂ ತಮ್ಮ ತಮ್ಮ ಮೋಟಾರ್ ಸೈಕಲ್ ಹತ್ತಿ ಹೊರಟರು. ಘಾಟಿಯ ಬುಡದಲ್ಲಿ ಚಹಾ ಕುಡಿಯಲು ನಿಂತಾಗ ನೇಕಾರ ಮೇಲಕ್ಕೆ ನೋಡಿದ. ದಾರಿಯ ಮೇಲೆ ಹಿಮ ಗಟ್ಟಿಯಾಗಿತ್ತು.

“ಇವತ್ತು ಬೇಡ ಕಣೋ. ನಾಳೆ ಬಿಸಿಲೇರಿದ ಮೇಲೆ ಹತ್ತೋಣ,” ಎಂದ.

“ನಿನಗೆ ಯಾವಾಗಲೂ ಹೆದರಿಕೆಯೇ,” ಎಂದ ಬಡಗಿ.

“ನಿನ್ನ ಹಟ ನಿನ್ನ ಹೆಂಡತಿಗೆ ಸಾಕಾಗಿ ಹೋಗಿದೆ. ನನಗೂ ಸಾಕಾಗಿದೆ,” ಎಂದ ನೇಕಾರ.

ಹತ್ತು ಜನರೆದುರು ಆಡಿದ ಮಾತು. ಬಡಗಿ ಉತ್ತರ ಕೊಡದೆ ಗಾಡಿ ಹತ್ತಿ ಹೊರಟುಬಿಟ್ಟ. ಅವನನ್ನು ಒಂಟಿಯಾಗಿ ಬಿಡಲು ಮನಸ್ಸು ಬಾರದೆ ನೇಕಾರನೂ ಹಿಂದೆ ಹೊರಟ.

ಬೇರೆ ದಿನಗಳಲ್ಲಾದರೆ ಮುಂದೆ ಹೋದವನು ಪ್ರತಿ ತಿರುವಿನಲ್ಲೂ ನಿಂತು ಹಿಂದಿನವನಿಗಾಗಿ ಕಾಯುತ್ತಿದ್ದ. ಅಂದು ಬಡಗಿ ನಿಲ್ಲಲಿಲ್ಲ. ಘಾಟಿಯ ನೆತ್ತಿ ಹತ್ತಿರವಾದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ನಿಂತು ಮತ್ತೆ ಕೇಳಿಸಿತು. ಇವನಿಗೆ ಇನ್ನೂ ಬಯ್ದು ಮುಗಿದಿಲ್ಲ ಎಂದುಕೊಂಡು ಬಡಗಿ ವೇಗ ಹೆಚ್ಚಿಸಿದ.

ಆಚೆಯ ಊರಿನಲ್ಲಿ ಒಂದು ಗಂಟೆ ಕಾದ. ನೇಕಾರ ಬರಲಿಲ್ಲ. ಹೇಸರಗತ್ತೆ ಹೊಡೆಯುವ ಇಬ್ಬರನ್ನು ಕರೆದುಕೊಂಡು ಮತ್ತೆ ಮೇಲೆ ಹತ್ತಿದ. ನೆತ್ತಿ ದಾಟಿ, ತಾವು ಹತ್ತಿ ಬಂದಿದ್ದ ಕಡೆಯ ಮೂರನೆಯ ತಿರುವಿನಲ್ಲಿ ಗಾಡಿ ಜಾರಿ ಬಿದ್ದಿತ್ತು. ಅದರಡಿ ನೇಕಾರನ ಕಾಲು ಸಿಕ್ಕಿಕೊಂಡಿತ್ತು. ಜೀವವಿತ್ತು.

ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದ ನೇಕಾರ ಗೆಳೆಯನ ಮುಖ ನೋಡಿ ತಾನೇ ಮೊದಲು ಮಾತಾಡಿದ.

“ತುಂಬಾ ಹೊತ್ತು ಹಾರ್ನ್ ಹೊಡೆದೆ ಕಣೋ. ಗಾಳಿ ಜೋರಾಗಿತ್ತು. ನಿನಗೆ ಕೇಳಿಸಿರಲಿಕ್ಕಿಲ್ಲ.”

“ಹೌದು. ಕೇಳಿಸಲಿಲ್ಲ,” ಎಂದ ಬಡಗಿ.

ಮಗ್ಗ ತುಳಿಯಲು ಎರಡು ಕಾಲು ಬೇಕು. ನೇಕಾರ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿ ಕೊಡತೊಡಗಿದ. ಬಡಗಿ ಅವನಿಗೆ ಮರದ ಕಾಲು ಮಾಡಿಕೊಟ್ಟ. ಅದು ಸವೆದಾಗ ಇನ್ನೊಂದು. ಹಾಗೆ ಏಳು ಕಾಲು ಮಾಡಿದ್ದಾನೆ. ಅಳತೆಗೆ ಗೆಳೆಯ ಬಂದ ದಿನ ಕೆಲಸದವರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಅವನೆದುರು ನೆಲದ ಮೇಲೆ ಕೂರುತ್ತಾನೆ. ಬಾಯಿ ತೆರೆಯುತ್ತಾನೆ. “ಬಿಗಿಯಾಯಿತೇನೋ?” ಎಂದಷ್ಟೇ ಕೇಳುತ್ತಾನೆ. ಇಲ್ಲವೆಂದು ನೇಕಾರ ನಗುತ್ತಾನೆ. ತನ್ನ ಕಾಲು ಹೋದದ್ದು ಗಾಳಿಯಿಂದ ಎಂದೇ ಅವನು ಎಲ್ಲರಿಗೂ ಹೇಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಬಡಗಿಯ ಕೋಪ ಇಳಿದದ್ದು ಯಾವಾಗ, ಗುರುಗಳೇ?” ಎಂದ.

“ಕೋಪ ಅಂದು ಸಂಜೆಯೊಳಗೇ ಇಳಿದಿತ್ತು, ಮಾತಿಗೆ ಮಾತ್ರ ಇಪ್ಪತ್ತು ವರ್ಷವಾದರೂ ಹೊತ್ತು ಬಂದಿಲ್ಲ.”