ತಲೆ ಎತ್ತದೆ ನೋಡಿದ ಗ್ರಹಣ

ಖಗ್ರಾಸ ಸೂರ್ಯಗ್ರಹಣ ನೋಡಲು ಊರೂರಿನ ಜನ ಗುಡ್ಡ ಏರಿದ್ದರು. ಗ್ರಹಣದ ಕನ್ನಡಕ ಇದ್ದದ್ದು ಮಾತ್ರ ಜೀಪಿನಲ್ಲಿ ಬಂದ ಸಾಹೇಬರ ಹತ್ತಿರ. ಕುರ್ಚಿಯಲ್ಲಿ ಕೂತವರೇ ಜವಾನ ದ್ಯಾವಪ್ಪನಿಗೆ ಗದರಿದರು: "ಮೊದಲು ನಾನು ನೋಡಬೇಕು. ನನ್ನ ಅಪ್ಪಣೆ ಇಲ್ಲದೆ ಒಬ್ಬನೂ ತಲೆ ಎತ್ತಕೂಡದು!"

"ಆತ್ರಿ ಸಾಹೇಬ್ರ" ಅಂದ ದ್ಯಾವಪ್ಪ, ಚುರುಮುರಿ ಮಾರುವ ನಿಂಗವ್ವನ ಜರಡಿ ಇಸಕೊಂಡು ಬಿಸಿಲಿಗೆ ಹಿಡಿದ. ತೂತಿಗೊಂದರಂತೆ ನೆಲದ ಮೇಲೆ ನೂರಾರು ಪುಟ್ಟ ಸೂರ್ಯರು, ಒಬ್ಬೊಬ್ಬನೂ ಕಚ್ಚಿದ ರೊಟ್ಟಿಯ ಹಾಗೆ! ಜನ ತಲೆ ಬಗ್ಗಿಸಿಯೇ ಹೋ ಅಂದರು.

ಸಾಹೇಬರು ತಡೆಯಲಾರದೆ ಬಂದು ಅವರ ನಡುವೆ ಕುಕ್ಕರಗಾಲಲ್ಲಿ ಕೂತರು. ಅಷ್ಟರಲ್ಲಿ ನೆಲದ ಸೂರ್ಯರೆಲ್ಲ ಆರಿ ಕತ್ತಲಾಯಿತು.

"ಪೂರ್ತಿ ಮುಚ್ಚೇತ್ರಿ. ಈಗ ಬರಿಗಣ್ಣಲೇ ನೋಡಬಹುದು. ತಲಿ ಎತ್ತಾಕ ಅಪ್ಪಣೇನ್ರಿ?" ಅಂದ ದ್ಯಾವಪ್ಪ.

ಸಾಹೇಬರು ಕೈಯಲ್ಲಿದ್ದ ಕನ್ನಡಕ ಬದಿಗೆಸೆದು ಅವನ ಹೆಗಲು ಹಿಡಿದರು. "ಎತ್ತೋ ಮಾರಾಯ, ಎಲ್ಲರೂ ಎತ್ರೋ! ನನ್ನ ಅಪ್ಪಣೆಗೆ ಸೂರ್ಯ ಕಾಯ್ತಾನೇನು?"