ತೀರದ ಗೊಜ್ಜು

"ಗುರುಗಳೇ, ಮಠಕ್ಕೆ ಬಂದ ದಿನ ದೇವರಿಗಾಗಿ ಎಷ್ಟು ಹಂಬಲವಿತ್ತೋ ಇಂದಿಗೂ ಅಷ್ಟೇ ಇದೆ. ಅದು ಪೋಲಾಗದಂತೆ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೂ ನಾನು ಇದ್ದಲ್ಲೇ ಇದ್ದೇನೆ. ಯಾಕೆ?" ಎಂದು ಶಿಷ್ಯ ಶಾಂತಯ್ಯ ಕೇಳಿದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಜೋಪಾನ ಮಾಡುವುದರಲ್ಲಿ ನೀನು ಗಟ್ಟಿಗ, ನನಗೆ ಗೊತ್ತು. ಹೊದೆಯಲು ಕೊಟ್ಟ ಹೊಸ ಕಂಬಳಿಯನ್ನು ಗಂಟು ಕಟ್ಟಿಟ್ಟು ಚಳಿಯಲ್ಲಿ ನಡುಗುವವನಲ್ಲವೇ ನೀನು? ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ತಾಯಿ. ಅವಳಿಗೆ ಒಬ್ಬಳೇ ಮಗಳು. ಆ ಮಗಳಿಗೆ ತಾಯಿ ಮಾಡುವ ಹುಣಸೆ ಗೊಜ್ಜೆಂದರೆ ಪ್ರಾಣ. ಬಿಸಿ ಅನ್ನಕ್ಕೆ ಅದನ್ನು ಕಲಸಿ ಕೊಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮದುವೆಯಾಗಿ ಅವಳು ಪರವೂರಿಗೆ ಹೊರಟ ದಿನ ತಾಯಿ ಒಂದು ಪಿಂಗಾಣಿ ಭರಣಿಯ ತುಂಬ ಗೊಜ್ಜು ಕೊಟ್ಟಳು. ಬೀಗರ ಎದುರಿಗೇ ಹೇಳಿದಳು: "ಇದು ತೀರಿದ ಕೂಡಲೇ ಭರಣಿ ಹಿಡಿದುಕೊಂಡು ಬಾ. ಮತ್ತೆ ತುಂಬಿಕೊಡುತ್ತೇನೆ." ನೆಪವಿಲ್ಲದೆ ಸೊಸೆ ತವರಿಗೆ ಹೋಗುವ ರೂಢಿ ಇರಲಿಲ್ಲ; ಆದರೆ ಬೀಗರು ಒಳ್ಳೆಯವರು, ಇದಕ್ಕೆ ಆಗಲಿ ಎಂದರು. ಆ ಭರಣಿ ಮುಂದಿನ ಹುಣಸೆ ಸುಗ್ಗಿಯವರೆಗೂ ಸಾಲದು ಎಂಬುದು ತಾಯಿಯ ಅಂದಾಜು. ಮಗಳ ನಾಲಿಗೆ ಅವಳಿಗೆ ಗೊತ್ತಿಲ್ಲವೇ?

ಗಂಡನ ಮನೆಯಲ್ಲಿ ಮಗಳಿಗೆ ಯಾವ ಕೊರತೆಯೂ ಇರಲಿಲ್ಲ. ತಾಯಿಯ ನೆನಪು ಮಾತ್ರ ಬಿಡಲಿಲ್ಲ. ತೀರಾ ಸಂಕಟವಾದಾಗ ಒಂದಿಷ್ಟು ಗೊಜ್ಜು ಬಾಯಿಗಿಟ್ಟರೆ ತಾಯಿ ಪಕ್ಕದಲ್ಲೇ ಕೂತಂತಾಗುತ್ತಿತ್ತು. ಭರಣಿ ಅರ್ಧಕ್ಕೆ ಇಳಿದಾಗ ಅವಳಿಗೆ ಹೆದರಿಕೆಯಾಯಿತು. ತೀರಿದ ದಿನವೇ ಗಾಡಿ ಸಿಗದೆ ಹೋದರೆ? ಹೊಳೆ ಬಂದು ದಾರಿ ಕಟ್ಟಿದರೆ? ಅಮ್ಮನದೆಂಬ ಒಂದು ತುತ್ತೂ ಇಲ್ಲದ ಮನೆಯಲ್ಲಿ ದಿನ ಕಳೆಯುವುದು ಹೇಗೆ? ಅಂದಿನಿಂದ ಗೊಜ್ಜನ್ನು ಹಬ್ಬಕ್ಕೊಮ್ಮೆ, ಚಮಚದ ತುದಿಯಲ್ಲಿ ಎತ್ತಿ ತಿನ್ನತೊಡಗಿದಳು.

ಇಡುವುದರಲ್ಲಿ ಅವಳದು ಬಲು ಅಚ್ಚುಕಟ್ಟು. ಒಲೆಯ ಶಾಖ ತಾಗದ ಮೂಲೆಯಲ್ಲಿ ಭರಣಿ ಇಟ್ಟಳು. ಬಾಯಿಗೆ ಬಟ್ಟೆ ಕಟ್ಟಿದಳು. ಒದ್ದೆ ಕೈ ತಾಗಿಸಲಿಲ್ಲ. ಮೇಲೆ ಎಳ್ಳೆಣ್ಣೆ ನಿಂತಿರದಿದ್ದರೆ ಬೂಷ್ಟು ಹಿಡಿಯುತ್ತದೆಂದು ಆಗಾಗ ಎಣ್ಣೆ ಕಾಯಿಸಿ, ಆರಿಸಿ ಹೊಯ್ಯುತ್ತಿದ್ದಳು. ಗಂಡ ಕೇಳಿದರೂ ಬಡಿಸಲಿಲ್ಲ. ಹುಟ್ಟಿದ ಮಕ್ಕಳಿಗೆ ಅದರ ರುಚಿಯೇ ತಿಳಿಯಲಿಲ್ಲ.

ಎಣ್ಣೆ ಮಾರುವವನು ಅವಳ ತವರಿನವನೇ. ವರ್ಷಕ್ಕೊಮ್ಮೆ ಬರುತ್ತಿದ್ದ. "ಗೊಜ್ಜು ತೀರಿತೇ ಎಂದು ನಿಮ್ಮ ತಾಯಿ ಕೇಳಿದ್ದಾರೆ," ಎನ್ನುತ್ತಿದ್ದ. "ಇನ್ನೂ ಇದೆ, ಚೂರೂ ಕೆಟ್ಟಿಲ್ಲ ಅಂತ ಹೇಳಪ್ಪ," ಎಂದು ಇವಳು ಹೆಮ್ಮೆಯಿಂದ ಹೇಳಿ, ಎಣ್ಣೆ ಕೊಂಡು ಕಳಿಸುತ್ತಿದ್ದಳು.

ಆ ಉತ್ತರ ಕೇಳಿ ಮೊದಲ ಸಲ ತಾಯಿ ನಕ್ಕಳು, ಉಪ್ಪು ಹೆಚ್ಚಾಗಿರಬೇಕು ಎಂದಳು. ಮರುವರ್ಷ ಅತ್ತಳು. ನನ್ನ ಕೈರುಚಿ ಮಗಳಿಗೆ ಬೇಡವಾಯಿತು, ನಾನೂ ಬೇಡವಾದೆ ಎಂದುಕೊಂಡಳು. ಕರೆಯದೆ ಮಗಳ ಮನೆಗೆ ಹೋಗುವ ರೂಢಿ ಅವರಲ್ಲಿರಲಿಲ್ಲ. ಆದರೂ ಪ್ರತಿ ಸುಗ್ಗಿಗೂ ಹುಣಸೆ ಬಿಡಿಸಿ, ಹೊಸದಾಗಿ ಗೊಜ್ಜು ಕುದಿಸಿ ದಾರಿ ನೋಡುತ್ತಿದ್ದಳು. ಎಂಥ ಪಾಡು ನೋಡು ಶಾಂತಯ್ಯ. ಇವಳಿಗೆ ಅವಳೆಂದರೆ ಜೀವ, ಅವಳಿಗೆ ಇವಳೆಂದರೆ ಜೀವ. ನಡುವೆ ಇದ್ದದ್ದು ಗಾಡಿ ಕಟ್ಟಿದರೆ ಮುಗಿಯುವ ದಾರಿ.

ಹೀಗೇ ವರ್ಷಗಳು ಹೋದವು. ಒಮ್ಮೆ ಎಣ್ಣೆಯವನು ಬಂದ, ಎಣ್ಣೆ ಅಳೆದ, ಹೊರಟ. ಗೊಜ್ಜಿನ ಮಾತೇ ಎತ್ತಲಿಲ್ಲ. "ಅಮ್ಮ ಏನೂ ಕೇಳಲಿಲ್ಲವೇ?" ಎಂದು ಇವಳೇ ವಿಚಾರಿಸಿದಳು.

"ಈಗ ಅವರು ಯಾರನ್ನೂ ಏನೂ ಕೇಳುವುದಿಲ್ಲ ತಾಯಿ," ಎಂದ ಅವನು.

ಅಂದೇ ಭರಣಿ ಎತ್ತಿಕೊಂಡು ಗಾಡಿ ಹತ್ತಿದಳು. ಹೋಗಿ ನೋಡಿದರೆ ತಾಯಿಗೆ ಕಣ್ಣು ಮಂಜಾಗಿತ್ತು, ನೆನಪು ಹೋಗಿತ್ತು. "ಅಮ್ಮಾ, ನಾನು," ಎಂದರೆ ಯಾವ ನಾನು ಎಂದು ತಿಳಿಯಲಿಲ್ಲ. ಮಗಳು ಒಲೆ ಹಚ್ಚಿ ಅನ್ನ ಮಾಡಿದಳು. ಗೊಜ್ಜು ಕಲಸಿ, ತುತ್ತು ಮಾಡಿ ತಾಯಿಯ ಬಾಯಿಗಿಟ್ಟಳು. ತಾಯಿಯ ಮುಖ ಅರಳಿತು.

"ಇದು ನಮ್ಮ ಮನೆ ಗೊಜ್ಜು," ಎಂದಳು. "ಇನ್ನೊಂದು ತುತ್ತು ಹಾಕಮ್ಮ, ಬೇಗ ತೀರಲಿ. ತೀರಿದ ಮೇಲೆ ನನ್ನ ಮಗಳು ಬರುತ್ತಾಳೆ."

ಮಗಳು ಎಂಜಲು ಕೈಯಲ್ಲೇ ಅವಳನ್ನು ತಬ್ಬಿಕೊಂಡು ಅತ್ತಳು. ಯಾರೋ ಪರರ ಹೆಣ್ಣು ಅಳುತ್ತಿದೆಯೆಂದು ತಾಯಿ ಬೆನ್ನು ಸವರಿದಳು.

ಗುರುಗಳು ಕತೆ ನಿಲ್ಲಿಸಿದರು. ಶಾಂತಯ್ಯ ಕೇಳಿದ: "ಅಷ್ಟು ವರ್ಷವಾದರೂ ಗೊಜ್ಜು ಕೆಟ್ಟಿರಲೇ ಇಲ್ಲವೇ ಗುರುಗಳೇ?"

"ಕೆಟ್ಟಿದ್ದರೆ ಅಂದೇ ಅದನ್ನು ಚೆಲ್ಲಿ, ಬರಿ ಭರಣಿ ಹಿಡಿದು ತಾಯಿಯ ಹತ್ತಿರ ಓಡುತ್ತಿದ್ದಳಲ್ಲಯ್ಯ," ಎಂದರು ಗುರುಗಳು.