ಮುಪ್ಪಿನ ಹಗೇವಿನ ಬೀಗದ ಕೈ

"ನನ್ನಂಥ ದೊರೆ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಕಷ್ಟ" ಎಂದು ಕೆಂಚನದುರ್ಗದ ದೊರೆ ಚಿಕ್ಕರಂಗಪ್ಪ ನಾಯಕ ತುಂಬಿದ ಓಲಗದಲ್ಲಿ ಮೀಸೆ ತೀಡಿದ. ವಾರಕ್ಕೆರಡು ಸಲವಾದರೂ ಅವನು ಈ ಮಾತು ಹೇಳುವವನೇ. ಈ ಸಲ ಮಾತ್ರ ಅದಕ್ಕೊಂದು ಕಾರಣವಿತ್ತು.

ಅರಮನೆಯ ಹಿತ್ತಲಲ್ಲಿ ಅವನು ಹೊಸ ಹಗೇವು ತೋಡಿಸಿದ್ದ. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿ ಬೀಗ ಹಾಕಿದರೆ ಎಷ್ಟು ವರ್ಷವಾದರೂ ಹುಳ ಹಿಡಿಯುವುದಿಲ್ಲ. ಅರಮನೆಯ ಚಾಕರಿಯವರು ತಿಂಗಳ ಸಂಬಳದ ಹತ್ತು ಕೊಳಗ ರಾಗಿಯಲ್ಲಿ ಒಂದು ಕೊಳಗವನ್ನು ಅದಕ್ಕೆ ಹಾಕಬೇಕು. ದೊರೆ ತನ್ನ ಕಡೆಯಿಂದ ಇನ್ನೊಂದು ಕೊಳಗ ಹಾಕುತ್ತಾನೆ. ಅರವತ್ತು ತುಂಬಿದ ಮೇಲೆ ಕೂತು ತಿನ್ನಬಹುದು. ಬೇಕಾದವರು ಬರುವ ಹುಣ್ಣಿಮೆಯೊಳಗೆ ಹೆಸರು ಬರೆಸಬೇಕು, ತಡವಾಗಿ ಬಂದವರಿಗೆ ಇಲ್ಲ.

ಐವತ್ತು ದಾಟಿದವರೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. ಹರೆಯದವರು ಒಬ್ಬರೂ ಬರಲಿಲ್ಲ. ಕಹಳೆ ಊದುವ ಹಾಲಪ್ಪ ಏನು ಮಾಡುತ್ತಾನೋ ನೋಡೋಣ ಎಂದು ಕೂತಿದ್ದರು. ಹಾಲಪ್ಪನಿಗೆ ಇಪ್ಪತ್ತು ವರ್ಷ, ಚಾಕರಿಗೆ ಸೇರಿ ಮೂರೇ ತಿಂಗಳು, ಆದರೂ ಲೆಕ್ಕಾಚಾರದಲ್ಲಿ ಅವನೇ ಚುರುಕು ಎಂದು ಅವರಿಗೆಲ್ಲ ನಂಬಿಕೆ.

ದೊರೆಗೆ ಕೋಪ ಬಂತು. ಓಲಗದ ಹಾಸ್ಯಗಾರ ಮಾದರಸನನ್ನು ಕರೆಸಿದ.

"ಹಾಲಪ್ಪ ತಾನಾಗಿ ಬಂದು ಹೆಸರು ಬರೆಸಬೇಕು. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ಬರೆಸದಿದ್ದರೆ ನಿನಗಿನ್ನು ಸಂಬಳ ರಾಗಿಯಲ್ಲ, ರಾಗಿಯ ಹೊಟ್ಟು."

"ಹೊಟ್ಟಾದರೆ ಹತ್ತಕ್ಕೆ ಹತ್ತೂ ಕೊಳಗ ಹಗೇವಿಗೇ ಹಾಕಿಬಿಡುತ್ತೇನೆ ಪ್ರಭು" ಎಂದು ಮಾದರಸ ಹೊರಟ.

ಹಾಲಪ್ಪ ಬುರುಜಿನ ನೆರಳಲ್ಲಿ ಕೂತು ಕಹಳೆಗೆ ಹುಣಸೆಹಣ್ಣು ತಿಕ್ಕುತ್ತಿದ್ದ. ಮುಖ ಬಾಡಿತ್ತು.

"ಏನಯ್ಯ, ಅರವತ್ತರ ತನಕ ಬದುಕುವ ಆಸೆಯಿಲ್ಲವೋ?"

"ಬದುಕಿಬಿಟ್ರೆ ಏನ್ ಗತಿ ಅಂತಾನೇ ಹೆದರಿಕೆ ಅಯ್ನೋರೆ. ಕಹಳೆ ಊದೋಕೆ ಮುಂದಿನ ಹಲ್ಲು ಬೇಕು, ಎದೇಲಿ ಉಸಿರು ಬೇಕು. ಎರಡೂ ಹೋದ್ಮೇಲೆ ನಮ್ಮಪ್ಪ ಹೆಂಗಿದ್ದ ಅಂತ ನಾನೇ ಕಂಡಿದ್ದೀನಿ. ಒಂದು ಕೊಳಗ ಕೊಡೋದು ಕಷ್ಟ ಅಲ್ಲ. ದೊರೆನೂ ಒಂದು ಹಾಕ್ತಾರೆ, ಅದನ್ನ ಬಿಡೋಕೆ ನಂಗೇನು ಹುಚ್ಚಾ?"

"ಮತ್ತೆ ತಡ ಯಾತಕ್ಕೆ?"

"ನಂಗೆ ಅರವತ್ತಾಗೋಕೆ ಇನ್ನೂ ನಲವತ್ತು ವರ್ಷ. ಅಲ್ಲೀತನಕ ಬೀಗದ ಕೈ ಯಾರ ಹತ್ರ ಇರ್ತದೆ?"

"ದೊರೆಯ ಉಡಿದಾರದಲ್ಲಿ."

ಹಾಲಪ್ಪ ಕಹಳೆಗೆ ಇನ್ನಷ್ಟು ಹುಣಸೆಹಣ್ಣು ತಿಕ್ಕಿದ. ಹುಡುಗ ದಡ್ಡನಲ್ಲ ಎಂದು ಮಾದರಸನಿಗೆ ಖುಷಿಯಾಯಿತು.

ಮರುದಿನ ಮಾದರಸ ಒಂದು ಜಾಡಿ ಹೊತ್ತುಕೊಂಡು ದೊರೆಯ ಬಳಿ ಹೋದ.

"ಪ್ರಭು, ಇದರಲ್ಲಿ ನಲವತ್ತು ಮಾವಿನ ಮಿಡಿ ಇವೆ, ಹಾಲಪ್ಪ ಕಾಯಬೇಕಾದ ವರ್ಷಕ್ಕೊಂದು. ನನ್ನ ಹೆಂಡತಿ ಹಾಕಿದ ಉಪ್ಪಿನಕಾಯಿ. ಹುಣ್ಣಿಮೆಯ ತನಕ ನಿಮ್ಮ ಬಳಿ ಜೋಪಾನವಾಗಿರಲಿ. ಹಾಗೇ ಹಿಂದಕ್ಕೆ ಕೊಟ್ಟರೆ ಹಾಲಪ್ಪ ನಿಂತ ನಿಲುವಿನಲ್ಲೇ ಹೆಸರು ಬರೆಸುತ್ತಾನಂತೆ."

"ಇಡೀ ಸೀಮೆ ಕಾಯುವವನಿಗೆ ಒಂದು ಜಾಡಿ ಯಾವ ದೊಡ್ಡದು?" ಎಂದ ದೊರೆ.

ಮೊದಲ ದಿನ ಅವನು ಜಾಡಿಯ ಬಟ್ಟೆ ಬಿಚ್ಚಿ ಬರೀ ಮೂಸಿ ನೋಡಿದ, ಬೂಷ್ಟು ಹಿಡಿದಿದೆಯೇನೋ ಎಂದು. ಎರಡನೆಯ ದಿನ ಉಪ್ಪು ಸರಿಯಿದೆಯೇ ಎಂದು ಒಂದು ಕಚ್ಚಿದ, ಕಾಯುವವನಿಗೆ ಗೊತ್ತಿರಬೇಡವೇ? ಐದನೆಯ ದಿನ ರಾಣಿಯ ತಮ್ಮ ಊಟಕ್ಕೆ ಬಂದ. ಅದು ದುರ್ಗದ ಮರ್ಯಾದೆಯ ಪ್ರಶ್ನೆ, ಎಂಟು ಹೋದವು. ಒಂಬತ್ತನೆಯ ದಿನ ಮಳೆ ಬರಲಿಲ್ಲವೆಂಬ ಬೇಸರಕ್ಕೆ ಮೊಸರನ್ನದ ಜೊತೆ ಆರು. ಮಾರನೆಯ ದಿನ ಮಳೆ ಬಂದ ಸಂತೋಷಕ್ಕೆ ಏಳು. ಆಮೇಲೆ ಕಾರಣಗಳೂ ಬೇಕಾಗಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಜಾಡಿ ಓಲಗಕ್ಕೆ ಬಂತು. ಮಾದರಸ ಸೌಟು ಇಳಿಸಿ ತಳ ಕೆದಕಿದ. ಎರಡೂವರೆ ಮಿಡಿ ಸಿಕ್ಕವು.

"ನಾನೇನು ತಿಂದಿಲ್ಲ" ಎಂದ ದೊರೆ ಗಂಭೀರವಾಗಿ. "ತುರ್ತಿಗೆಂದು ತೆಗೆದುಕೊಂಡಿದ್ದೇನೆ. ಬರುವ ಬೇಸಿಗೆಯಲ್ಲಿ ಮಾವು ಮಿಡಿ ಕಚ್ಚಿದ ಕೂಡಲೇ ತುಂಬಿಸುತ್ತೇನೆ."

"ಕೇಳಿಸಿತೇನಯ್ಯ ಹಾಲಪ್ಪ?"

"ಕೇಳಿಸ್ತು ಅಯ್ನೋರೆ. ನಲವತ್ತು ವರ್ಷ ಆದ್ಮೇಲೆ ರಾಗಿಗೂ ಇದೇ ಮಾತು ಹೇಳ್ತಾರೆ. ಅಷ್ಟೊತ್ತಿಗೆ ನಮ್ಗೆ ಕಿವಿ ಕೇಳ್ತಿರಲ್ಲ."

ಓಲಗದಲ್ಲಿ ಯಾರೋ ಕೆಮ್ಮಿದರು. ದೊರೆಯ ಮುಖ ಕೆಂಪಾಯಿತು.

"ಹಾಗಾದರೆ ಬೀಗದ ಕೈ ಮಂತ್ರಿಗಳಿಗೆ ಕೊಡಲೇ?"

"ಈ ಜಾಡಿಯ ವಾಸನೆಗೇ ಮಂತ್ರಿಗಳು ಆಗಲೇ ಎರಡು ಸಲ ಬಾಯಿ ಚಪ್ಪರಿಸಿದರು ಪ್ರಭು."

"ನಿನಗೆ ಕೊಡಲೇ?"

"ಬೇಡಿ. ಜಾಡಿ ತರುವಾಗ ದಾರಿಯಲ್ಲಿ ನಾನೂ ಒಂದು ತಿಂದಿದ್ದೇನೆ."

"ಮತ್ತೆ ಯಾರಿಗೆ ಕೊಟ್ಟು ಸಾಯಲಿ?"

"ಅರಮನೆಯ ಹಿಂದಿನ ತೊಟ್ಟಿಮನೆಯಲ್ಲಿರುವ ನಿಮ್ಮ ತಂದೆಯವರಿಗೆ."

ಹಿರಿಯ ದೊರೆ ದೊಡ್ಡರಂಗಪ್ಪ ನಾಯಕ ಆರು ವರ್ಷದ ಹಿಂದೆ ತನಗೆಂದು ಒಂದು ಕಾಳನ್ನೂ ಇಟ್ಟುಕೊಳ್ಳದೆ ಪಟ್ಟವನ್ನು ಮಗನಿಗೆ ಬಿಟ್ಟುಕೊಟ್ಟಿದ್ದ. ಈಗ ಅನ್ನಕ್ಕೆ ತುಪ್ಪ ಬೇಕಾದರೂ ಮಗನಿಗೆ ಹೇಳಿಕಳಿಸಬೇಕು. ಮಗ ಹೂಂ ಅನ್ನುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಸಂಕಟವಿತ್ತು, ಯಾರೂ ಆಡಿರಲಿಲ್ಲ.

"ಅಪ್ಪಾಜಿಗೇ? ನಾನು ಕಾಲಿಗೆ ಬಿದ್ದರೂ ಅವರು ಒಂದು ಕಾಳು ಬಿಚ್ಚುವುದಿಲ್ಲ."

"ಅಷ್ಟು ಗಟ್ಟಿ ಬೀಗ ನಮ್ಮ ಕಮ್ಮಾರನಿಗೂ ಮಾಡಲು ಬರುವುದಿಲ್ಲ ಪ್ರಭು."

ದೊರೆ ತಡೆಯಲಾರದೆ ನಕ್ಕ. ಮುದುಕನನ್ನು ಕರೆಸಿ, ಅವರ ಕಾಲದ ನಂತರ ಚಾಕರಿಯವರಲ್ಲೇ ಹಿರಿಯನಾದವನಿಗೆ ಎಂದು ಸಾರಿ, ಬೀಗದ ಕೈಯನ್ನು ತಾನೇ ಅವನ ಸೊಂಟಕ್ಕೆ ಕಟ್ಟಿದ.

ಹಾಲಪ್ಪ ಆ ಗಂಟನ್ನು ಎರಡು ಸಲ ಎಳೆದು ನೋಡಿ, ಹೋಗಿ ಹೆಸರು ಬರೆಸಿದ. ಅವನ ಹಿಂದೆ ಹರೆಯದವರೆಲ್ಲ ಸಾಲುಗಟ್ಟಿದರು.

ಸಾಲು ನೋಡುತ್ತ ನೋಡುತ್ತ ದೊರೆಗೆ ಏನೋ ಹೊಳೆಯಿತು. ಸಿಂಹಾಸನದಿಂದ ಇಳಿದು ತಂದೆಯ ಬಳಿ ಬಂದು ದನಿ ತಗ್ಗಿಸಿ ಕೇಳಿದ, "ಅಪ್ಪಾಜಿ, ನನಗೂ ನಲವತ್ತಾರಾಯಿತು. ನಾನೂ ಸೇರಬಹುದೇ?"

"ಸೇರಪ್ಪ, ಬೇಡ ಅಂದವರು ಯಾರು?" ಎಂದ ಹಿರಿಯ ದೊರೆ. "ಒಂದು ಕೊಳಗ ನೀನು ಹಾಕು. ಇನ್ನೊಂದು ಹಾಕುವುದಕ್ಕೆ ಯಾರಾದರೂ ಒಳ್ಳೆಯ ದೊರೆ ಸಿಗುತ್ತಾನೇನೋ ಹುಡುಕಿ, ಚಾಕರಿಗೆ ಸೇರಿಕೊಂಡು ಬಾ."